ಮೊಲದ ಮೇಷ್ಟ್ರು

ಮೇಷ್ಟ್ರು ಆ ಊರಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಕೈಯಲ್ಲೊಂದು ಟ್ರಂಕು, ಜೇಬಿನಲ್ಲಿ ನೇಮಕಾತಿ ಆದೇಶ, ತಲೆಯಲ್ಲಿ ಒಂದು ವರ್ಷ ಹೇಗೋ ತಳ್ಳಿ ದೊಡ್ಡ ಊರಿಗೆ ವರ್ಗ ಮಾಡಿಸಿಕೊಳ್ಳುವ ಯೋಚನೆ. ಆ ಒಂದು ವರ್ಷ ಮೂವತ್ತಾರು ವರ್ಷವಾಯಿತು. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮೊದಲ ವರ್ಷ ಅರ್ಜಿ ಹಾಕುವುದನ್ನೇ ಮರೆತರು. ಎರಡನೇ ವರ್ಷ ಹಾಕಿದ ಅರ್ಜಿ ಕಚೇರಿಯ ಯಾವ ಕಡತದ ಕೆಳಗೆ ಮಲಗಿತೋ ಗೊತ್ತಾಗಲಿಲ್ಲ. ಮೂರನೇ ವರ್ಷದ ಹೊತ್ತಿಗೆ ಬೀದಿಗೆ ಹೊರಟರೆ ನಾಲ್ಕು ಹೆಜ್ಜೆಗೊಂದು ನಮಸ್ಕಾರ ಸಿಗತೊಡಗಿತ್ತು, ವರ್ಗದ ಮಾತು ತಾನಾಗಿ ಹಿಂದೆ ಬಿತ್ತು.

ಶಾಲೆ ಒಂದು ಉದ್ದನೆಯ ಕಟ್ಟಡ, ಒಂದೇ ಸಾಲಿಗೆ ಏಳು ಕೋಣೆ. ಕೋಣೆಗಳ ನಡುವೆ ಗೋಡೆಯ ಬದಲು ಮರದ ಹಲಗೆಯ ಅಡ್ಡ. ಹೀಗಾಗಿ ಐದನೇ ತರಗತಿಯ ಮಗ್ಗಿ ಆರನೇ ತರಗತಿಯ ಚರಿತ್ರೆಯೊಳಗೆ ನುಗ್ಗುತ್ತಿತ್ತು, ಆರರ ಗಲಾಟೆ ಏಳರ ವ್ಯಾಕರಣದ ಮೇಲೆ ಬೀಳುತ್ತಿತ್ತು. ಇಂಥ ಸಂತೆಯಲ್ಲೂ ಮೇಷ್ಟ್ರ ಕಿವಿಗೆ ಯಾವುದೂ ತಪ್ಪುತ್ತಿರಲಿಲ್ಲ. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಲೇ, ಹಿಂದೆ ತಿರುಗದೆ, “ಮೂರನೇ ಬೆಂಚು, ಕಿಟಕಿ ಪಕ್ಕದವಳು, ಬಾಯಲ್ಲಿರೋ ಪೆಪ್ಪರ್ಮೆಂಟು ನುಂಗು, ಇಲ್ಲ ಉಗುಳು” ಅನ್ನುತ್ತಿದ್ದರು. ಆ ಹುಡುಗಿ ಗಾಬರಿಯಲ್ಲಿ ನುಂಗಿಬಿಡುತ್ತಿದ್ದಳು. ಸೇರಿದ ಹತ್ತೇ ದಿನಕ್ಕೆ ಮಕ್ಕಳು ಅವರಿಗೆ ‘ಮೊಲ’ ಎಂದು ಹೆಸರಿಟ್ಟರು. ಹೆಸರಿಟ್ಟಿದ್ದೂ ಅವರ ಕಿವಿಗೆ ಬಿತ್ತು. ಒಳಗೊಳಗೇ ಖುಷಿಯಾಯಿತು, ಹೊರಗೆ ತೋರಿಸಿಕೊಳ್ಳಲಿಲ್ಲ.

ಇಪ್ಪತ್ತೇಳಕ್ಕೆ ಮದುವೆಯಾಯಿತು. ಹುಡುಗಿ ಆಸ್ಪತ್ರೆಯ ಕಾಂಪೌಂಡರನ ತಂಗಿ. ನಾಲ್ಕನೇ ತರಗತಿಯಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದರೆಂದು ಶಾಲೆ ಬಿಟ್ಟವಳು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಓದು ಬಿಟ್ಟಿದ್ದಳೇ ಹೊರತು ಮಾತು ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಸಂಜೆ ಮೇಷ್ಟ್ರು ಕಿಟಕಿಯ ಕೆಳಗಿನ ಮೇಜಿನ ಮೇಲೆ ಮಕ್ಕಳ ನೋಟುಪುಸ್ತಕ ತಿದ್ದುತ್ತಾ ಕೂತರೆ, ಆಕೆ ಒಲೆಯ ಮುಂದಿನಿಂದಲೇ ಇಡೀ ಬೀದಿಯ ವರದಿ ಒಪ್ಪಿಸುತ್ತಿದ್ದಳು. ಎದುರುಮನೆ ಡ್ರೈವರ್ ಮೂರು ದಿನದಿಂದ ಮನೆಗೆ ಬಂದಿಲ್ಲ, ಮೂಲೆಮನೆಯ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಟೈಲರ್ ಒಂದೇ ಅಳತೆಗೆ ಇಬ್ಬರ ಬಟ್ಟೆ ಹೊಲಿದಿದ್ದಾನೆ. ಮೇಷ್ಟ್ರು ಕೆಂಪು ಪೆನ್ಸಿಲ್ ಆಡಿಸುತ್ತಾ “ಹೂಂ” ಅನ್ನುತ್ತಿದ್ದರು. ಆಕೆ ಒಂದು ಕ್ಷಣ ನಿಲ್ಲಿಸಿದರೆ “ಆಮೇಲೆ?” ಅನ್ನುತ್ತಿದ್ದರು. ಶಾಲೆಯಲ್ಲಿ ಅಷ್ಟು ಚುರುಕಾದ ಆ ಕಿವಿ ಮನೆಗೆ ಬಂದ ಕೂಡಲೇ ರಜೆ ಹಾಕುತ್ತಿತ್ತು. ಹೀಗೆ ಹದಿನೇಳು ವರ್ಷ ಸಂಸಾರ ನಡೆಯಿತು. ಒಬ್ಬಳು ಮಗಳು ಹುಟ್ಟಿ, ಬೆಳೆದು, ಅಪ್ಪನ ಶಾಲೆಯಲ್ಲೇ ಓದಿ, ಹೈಸ್ಕೂಲಿಗೂ ಹೋದಳು.

ನಲವತ್ತನಾಲ್ಕರಲ್ಲಿ ಮೇಷ್ಟ್ರ ಎಡಗಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಅಂಥದೊಂದು ಸದ್ದು, ಬಿಡದೆ. ನೆಗಡಿ ಇರಬೇಕು ಎಂದುಕೊಂಡರು. ಒಂದು ದಿನ ಪಾಠದಲ್ಲಿ ಮುಳುಗಿದ್ದಾಗ ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ಕೈಕಟ್ಟಿ ನಿಂತಿದ್ದು ಕಂಡಿತು. ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತಂತೆ. ಮಕ್ಕಳಲ್ಲಿ ಒಬ್ಬರಿಗೂ ಬಾಯಿ ಬಿಡುವ ಧೈರ್ಯವಿರಲಿಲ್ಲ.

ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರು ದೀಪ ಹಾಕಿ ನೋಡಿದರು, ಹೆಡ್‌ಫೋನ್ ಇಟ್ಟು ನೋಡಿದರು. “ನರ ಒಣಗ್ತಾ ಇದೆ. ಎಡಗಡೆ ಜಾಸ್ತಿ, ಬಲಗಡೆಯೂ ಶುರುವಾಗಿದೆ. ಮೂರು ನಾಲ್ಕು ವರ್ಷದಲ್ಲಿ ಎರಡೂ ಹೋಗಬಹುದು” ಅಂದರು.

“ಔಷಧ?”

“ಇಲ್ಲ. ಮಿಷಿನ್ನಿಂದಲೂ ನಿಮಗೆ ಉಪಯೋಗ ಆಗಲ್ಲ. ಏನು ಕೆಲಸ ಮಾಡ್ತೀರಿ?”

“ಮೇಷ್ಟ್ರು.”

ಡಾಕ್ಟರು ತಾವು ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಮೇಷ್ಟ್ರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬಸ್ಸಿನ ಕಿಟಕಿಯಿಂದ ಹಾರಿಸಿಬಿಟ್ಟರು. ಅವರಿಗಿದ್ದ ಹೆದರಿಕೆ ಕಿವಿ ಹೋಗುತ್ತದೆಂದಲ್ಲ, ತರಗತಿ ಹೋಗುತ್ತದೆಂದು. ಕಿವಿ ಕೇಳಿಸದ ಮೇಷ್ಟ್ರನ್ನು ಶಿಕ್ಷಣ ಕಚೇರಿಯ ಯಾವುದಾದರೂ ಮೂಲೆಯಲ್ಲಿ ಕೂರಿಸುತ್ತಾರೆ. ಹಾಗೆ ಕೂತವರನ್ನು ಅವರು ನೋಡಿದ್ದರು.

ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಮನೆಯಲ್ಲಿ ಗುಟ್ಟು ಮುಚ್ಚಿಡಲು ಹೊಸದಾಗಿ ಏನೂ ಕಲಿಯಬೇಕಾಗಿಯೇ ಬರಲಿಲ್ಲ. ಹಳೆಯ ‘ಹೂಂ’, ಹಳೆಯ ‘ಆಮೇಲೆ’ ಎರಡು ವರ್ಷ ಕಾಪಾಡಿದವು. ಆದರೆ ಹೆಂಡತಿಗೆ ಅನುಮಾನ ಬಾರದಿರುತ್ತದೆಯೇ? ಆಕೆ ನಿಲ್ಲಿಸಿದಾಗ ಬರಬೇಕಾದ ‘ಆಮೇಲೆ’ ಈಗೀಗ ಮಾತಿನ ನಡುವೆಯೇ ಬರತೊಡಗಿತ್ತು. ಒಂದು ಸಂಜೆ ಆಕೆ ಅವರ ಬೆನ್ನ ಹಿಂದೆ ಬಂದು ನಿಂತು, ಇದ್ದ ದನಿಯಲ್ಲೇ, “ರೀ, ಅಡುಗೆಮನೆಗೆ ಬೆಂಕಿ ಬಿದ್ದಿದೆ” ಅಂದಳು.

“ಹೂಂ.”

“ನಾನೂ ಸುಟ್ಟು ಸತ್ತೋದೆ.”

“ಹೂಂ. ಆಮೇಲೆ?”

ಆಕೆ ಮುಂದೆ ಬಂದು ನಿಂತಳು. ಮೇಷ್ಟ್ರು ತಲೆಯೆತ್ತಿ ಆ ಮುಖ ನೋಡಿದರು. ಗುಟ್ಟು ರಟ್ಟಾಯಿತೆಂದು ತಿಳಿಯಲು ಕಿವಿ ಬೇಕಾಗಲಿಲ್ಲ. ಆಕೆ ಅಳುತ್ತಾ ಏನೇನೋ ಹೇಳಿದಳು, ತುಟಿ ಅಲುಗಿದ್ದಷ್ಟೇ ಕಂಡಿತು. ಕೊನೆಗೆ ಒಳಗೆ ಹೋಗಿ ಮಗಳ ಹಳೆಯ ಸ್ಲೇಟು ಹುಡುಕಿ ತಂದಳು. ಮೂವತ್ತು ವರ್ಷದ ಮೇಲೆ ಬಳಪ ಹಿಡಿದ ಕೈ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು: ‘ಕಿವಿ ಕೆಳಸಲ್ವ.’

ಮೇಷ್ಟ್ರು ಓದಿದರು. ಓದಿದವರು ಏನು ಮಾಡಬೇಕಿತ್ತೋ ಅದು ಬಿಟ್ಟು, ಯೋಚನೆಯೇ ಇಲ್ಲದೆ, ಬಳಪ ತೆಗೆದುಕೊಂಡು ‘ಕೆ’ಗೆ ದೀರ್ಘ ಕೊಟ್ಟರು, ‘ಳ’ಗೆ ಗುಡಿಸು ಹಾಕಿದರು. ಇಪ್ಪತ್ತನಾಲ್ಕು ವರ್ಷದ ಕೈಚಾಳಿ.

ಆಕೆ ಸ್ಲೇಟನ್ನು ಕಿತ್ತುಕೊಂಡು ಹೋದಳು. ನಾಲ್ಕು ದಿನ ಮಾತೂ ಇಲ್ಲ, ಬರಹವೂ ಇಲ್ಲ. ಊಟದ ತಟ್ಟೆ ಮೇಜಿನ ಮೇಲೆ ಕುಕ್ಕಿದ್ದು ಮೇಷ್ಟ್ರಿಗೆ ಕೇಳಿಸದಿದ್ದರೂ ಮೇಜು ಅದುರಿದ್ದು ಕೈಗೆ ತಿಳಿಯುತ್ತಿತ್ತು. ಮಗಳು ಅಪ್ಪನ ಮುಖ ಒಮ್ಮೆ, ಅಮ್ಮನ ಮುಖ ಒಮ್ಮೆ ನೋಡಿ ಬೇಗಬೇಗ ತಿಂದು ಎದ್ದುಬಿಡುತ್ತಿದ್ದಳು. ಐದನೇ ದಿನ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ತಪ್ಪಾಯ್ತು ಕಣೇ. ಕಿವೀದು ಹೇಳದೇ ಇದ್ದಿದ್ದೂ ತಪ್ಪು, ಮೊನ್ನೇದೂ ತಪ್ಪು” ಅಂದರು. ಆಕೆ ಕೈ ಒರೆಸಿಕೊಂಡು ಸ್ಲೇಟು ತಂದು ಬರೆದಳು: ‘ಇನ್ನ ಮೆಲೆ ನಾನು ಬರದಿದ್ದು ಮುಟ್ಟಿದರೆ ಕೈ ಮುರಿತಿನಿ.’ ಇದ್ದ ತಪ್ಪುಗಳೆಲ್ಲ ಮೇಷ್ಟ್ರ ಕಣ್ಣಿಗೆ ಚುಚ್ಚಿದವು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ಆಯ್ತು” ಅಂದರು.

ಸ್ಲೇಟು ಸಾಲದೆ ನೋಟುಪುಸ್ತಕ ಬಂತು. ಬೀದಿಯ ವರದಿ ಈಗ ಬರಹದಲ್ಲಿ ಬರತೊಡಗಿತು, ಮೇಷ್ಟ್ರು ಮೊದಲ ಬಾರಿಗೆ ಅದನ್ನು ಪೂರ್ತಿಯಾಗಿ ತಿಳಿದುಕೊಂಡರು. ಮೂಲೆಮನೆಯ ಅತ್ತೆ ಸೊಸೆಯ ಜಗಳ ಇಷ್ಟು ಸ್ವಾರಸ್ಯವಾಗಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಆರು ತಿಂಗಳ ಮೇಲೆ ಒಂದು ದಿನ ಆಕೆಯೇ ಪುಸ್ತಕ ಮುಂದಿಟ್ಟು ಒಂದು ಪದದ ಕೆಳಗೆ ಬೆರಳಿಟ್ಟಳು. ಸರಿಯಾ ಎಂಬ ಪ್ರಶ್ನೆ ಹುಬ್ಬಿನಲ್ಲಿತ್ತು. ಮೇಷ್ಟ್ರು ಕೈ ಮುಂದೆ ತರದೆ, ಬಾಯಲ್ಲೇ ಹೇಳಿದರು. ಆ ನಂತರ ದಿನಕ್ಕೆ ಒಂದೋ ಎರಡೋ ಪದ, ಆಕೆಗೆ ಮನಸ್ಸು ಬಂದಾಗ ಮಾತ್ರ.

ಶಾಲೆಯ ಕತೆ ಇಷ್ಟು ಸುಲಭವಿರಲಿಲ್ಲ. ಮೇಷ್ಟ್ರು ತುಟಿ ನೋಡಿ ಮಾತು ಹಿಡಿಯಲು ಕಲಿತರು. ಯಾರೂ ಕಲಿಸಲಿಲ್ಲ, ಕನ್ನಡಿಯ ಮುಂದೆ ನಿಂತು ತಾವೇ ಮಾತಾಡಿಕೊಂಡು ಕಲಿತರು. ಕ, ಗ, ಹ ಗಂಟಲೊಳಗೇ ಅಡಗಿಕೊಳ್ಳುತ್ತವೆ, ಕಾಣುವುದಿಲ್ಲ. ಪ, ಬ, ಮ ಕಾಣುತ್ತವೆ, ಆದರೆ ಮೂರೂ ಒಂದೇ ಥರ. ತುಟಿಯಲ್ಲಿ ಹುಟ್ಟುವ ಅಕ್ಷರಗಳು ಎಂದು ವರ್ಷ ವರ್ಷ ಪಾಠ ಮಾಡಿದವರಿಗೆ ಅವು ಹೀಗೆ ಕೈಕೊಡುತ್ತವೆಂದು ಈಗ ತಿಳಿಯಿತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಪೆನ್ನು ಮುರಿದೋಯ್ತು” ಅಂದ. ಮೇಷ್ಟ್ರಿಗೆ ಕಂಡದ್ದು ‘ಬೆನ್ನು ಮುರಿದೋಯ್ತು’. “ಅಯ್ಯೋ, ಎಲ್ಲಿ ಬಿದ್ದೆಯೋ? ಅಲ್ಲಾಡಬೇಡ, ಹಾಗೇ ನಿಂತ್ಕೋ!” ಎಂದು ಬೆಂಚುಗಳನ್ನು ದಾಟಿಕೊಂಡು ಓಡಿ ಅವನ ಸೊಂಟಕ್ಕೆ ಕೈಕೊಟ್ಟು ಹಿಡಿದರು. ಹುಡುಗ ಮುರಿದ ಪೆನ್ನು ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾದ. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು, ತಮಾಷೆ ಮಾಡಿದೆ ಎಂಬ ಹಾಗೆ.

ಆವತ್ತಿನಿಂದ ಮಕ್ಕಳು ಪರೀಕ್ಷೆ ಮಾಡತೊಡಗಿದರು. ಬೋರ್ಡಿಗೆ ತಿರುಗಿದ ಕೂಡಲೇ ಗುಂಯ್ ಎಂದು ಜೇನುಹುಳದ ಸದ್ದು. ಆಮೇಲೆ ಬೆಕ್ಕಿನ ಕೂಗು. ಕೊನೆಗೆ ‘ಮೊಲ, ಮೊಲ’ ಎಂದು ಬಹಿರಂಗವಾಗಿಯೇ. ಮೇಷ್ಟ್ರು ತಿರುಗಿದಾಗ ಎಲ್ಲರ ಬಾಯಿ ಮುಚ್ಚಿರುತ್ತಿತ್ತು, ಆದರೆ ಭುಜಗಳು ಕುಲುಕುತ್ತಿದ್ದವು. ಕುಲುಕುವ ಭುಜಕ್ಕೆ ಏನೆಂದು ಬೈಯುವುದು?

ಆ ತರಗತಿಯಲ್ಲಿ ಟೈಲರ್ ಮಗಳು ಎಂಬೊಬ್ಬಳಿದ್ದಳು, ಮುಂದಿನ ಬೆಂಚು. ಅವಳಿಗೆ ಉಗ್ಗು. ಬೇರೆ ಮೇಷ್ಟ್ರುಗಳು ಅವಳು ಉತ್ತರ ಮುಗಿಸುವುದರೊಳಗೆ “ಸರಿ, ಕೂತ್ಕೋ” ಅಂದುಬಿಡುತ್ತಿದ್ದರು. ಈ ಮೇಷ್ಟ್ರು ಮಾತ್ರ ಅವಳ ಬಾಯನ್ನೇ ನೋಡುತ್ತಾ ಕೊನೆಯ ಅಕ್ಷರದವರೆಗೆ ಕಾಯುತ್ತಿದ್ದರು. ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳೊಬ್ಬಳೇ ಉಳಿದಳು. “ಸಾ… ಸಾರ್, ನಿ… ನಿಮಗೆ ಕಿ… ಕಿವಿ ಕೇಳ್ಸಲ್ಲ ಅಂತ ಎ… ಎಲ್ಲರಿಗೂ ಗೊತ್ತು” ಅಂದಳು. ಒಂದೊಂದು ಅಕ್ಷರವೂ ಎರಡೆರಡು ಸಲ ಬಂದಿದ್ದರಿಂದ ಮೇಷ್ಟ್ರಿಗೆ ಒಂದೂ ತಪ್ಪಲಿಲ್ಲ.

ಮಾರನೇ ದಿನ ಮೇಷ್ಟ್ರು ಪುಸ್ತಕ ತೆರೆಯುವ ಮೊದಲು ಮೇಜಿನ ಮುಂದೆ ಬಂದು ನಿಂತರು. “ನನಗೆ ಕಿವಿ ಕೇಳಿಸಲ್ಲ. ಎರಡೂ ಹೋಗಿವೆ. ಜೇನುಹುಳ, ಬೆಕ್ಕು ಯಾವುದೂ ಕೇಳಿಸಿಲ್ಲ. ನಿಮ್ಮ ಶ್ರಮವೆಲ್ಲ ದಂಡ” ಅಂದರು. ಯಾರೂ ನಗಲಿಲ್ಲ. “ಈಗ ಪಾಠ ಹೇಗೆ ನಡೀಬೇಕು ಅಂತ ಹೇಳ್ತೀನಿ. ಮಾತಾಡೋರು ನನ್ನ ಎದುರಿಗೆ ನಿಂತು ಮಾತಾಡಿ. ಬಾಯಿಗೆ ಕೈ ಅಡ್ಡ ಇಡಬೇಡಿ. ನಾನು ಬೋರ್ಡಿನ ಕಡೆ ತಿರುಗಿದ್ದಾಗ ನನ್ನನ್ನು ಕರೀಬೇಕಾದ್ರೆ ಮುಂದಿನ ಬೆಂಚಿನವರು ನಾನು ನಿಂತಿರೋ ಈ ನೆಲದ ಹಲಗೆ ಮೇಲೆ ಕಾಲಲ್ಲಿ ತಟ್ಟಿ, ನನ್ನ ಪಾದಕ್ಕೆ ಗೊತ್ತಾಗುತ್ತೆ.” ಗುಟ್ಟು ಕಾಪಾಡಿ ಎಂದು ಅವರು ಕೇಳಲಿಲ್ಲ. ಮಕ್ಕಳೇ ಕಾಪಾಡಿದರು. ಮನೆಯಲ್ಲಿ ಹೇಳಲಿಲ್ಲ, ಪಕ್ಕದ ತರಗತಿಗೆ ಹೇಳಲಿಲ್ಲ. ಬೆಕ್ಕಿನ ಹಾಗೆ ಕೂಗಿದ್ದವನೇ ಗಂಟೆ ಹೊಡೆದಾಗ ಪುಸ್ತಕ ಮುಚ್ಚಿ ತೋರಿಸುವ ಕೆಲಸ ವಹಿಸಿಕೊಂಡ.

ಹೆಡ್ ಮೇಷ್ಟ್ರು ಆ ಶಾಲೆಗೆ ಬಂದು ಆಗ ಮೂರು ವರ್ಷವಾಗಿತ್ತು. ಇವರಿಗಿಂತ ನಾಲ್ಕು ವರ್ಷ ದೊಡ್ಡವರು, ನೆಟ್ಟಗೆ ಮಡಿಸಿದ ಕಾಗದದಂಥ ಮನುಷ್ಯ. ಮೇಷ್ಟ್ರು ಇತ್ತೀಚೆಗೆ ಮಾತಿಗೆ ಸರಿಯಾಗಿ ಜವಾಬು ಕೊಡುವುದಿಲ್ಲ, ಜಂಬ ಬಂದಿದೆ ಎಂದು ಅವರ ಎಣಿಕೆ. ಆ ವರ್ಷ ಇನ್‌ಸ್ಪೆಕ್ಟರು ಬಂದಾಗ ಮೊದಲು ಇವರ ತರಗತಿಗೇ ಕರೆತಂದರು.

ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಮೇಷ್ಟ್ರು ಬೋರ್ಡಿನ ಮೇಲೆ ಸಂಧಿಯ ಉದಾಹರಣೆ ಬರೆಯುತ್ತಿದ್ದರು. ಹಿಂದಿನಿಂದ ಇನ್‌ಸ್ಪೆಕ್ಟರು ಏನೋ ಕೇಳಿದರು. ಮೇಷ್ಟ್ರ ಕೈ ನಿಲ್ಲಲಿಲ್ಲ. ಆಗ ಪಾದದಡಿಯ ಹಲಗೆ ಎರಡು ಸಲ ಮಿಡಿಯಿತು. ತಿರುಗಿ ನೋಡಿದರೆ ಟೈಲರ್ ಮಗಳು ಎದ್ದು ನಿಂತಿದ್ದಳು. ಹೊರಗಿನವರ ಮುಂದೆ ಎಂದೂ ಬಾಯಿ ಬಿಡದ ಹುಡುಗಿ. ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿತ್ತು.

“ಸಾ… ಸಾಹೇಬ್ರು ಕೇ… ಕೇಳ್ತಿದಾರೆ ಸಾರ್, ಲೋ… ಲೋಪ ಸಂಧಿಗೂ ಆ… ಆಗಮ ಸಂಧಿಗೂ ಏ… ಏನು ವ್ಯತ್ಯಾಸ ಅಂತ.”

ಮೇಷ್ಟ್ರು ಉತ್ತರ ಹೇಳಿದರು. ಇನ್‌ಸ್ಪೆಕ್ಟರು ಇನ್ನೂ ಮೂರು ಪ್ರಶ್ನೆ ಕೇಳಿದರು, ಅವಳು ಮೂರನ್ನೂ ಹೀಗೆಯೇ ದಾಟಿಸಿದಳು. “ಪ್ರಶ್ನೇನ ಮಕ್ಕಳ ಬಾಯಲ್ಲಿ ಇನ್ನೊಮ್ಮೆ ಹೇಳ್ಸೋದು ಒಳ್ಳೇ ಪದ್ಧತಿ” ಎಂದು ಇನ್‌ಸ್ಪೆಕ್ಟರು ಮೆಚ್ಚಿ ಎದ್ದರು. ಎಲ್ಲ ಮುಗಿಯಿತು ಎನ್ನುವಾಗ, ಪುಸ್ತಕದ ಬೀರು ತೋರಿಸಲೆಂದು ಮೇಷ್ಟ್ರು ಹಜಾರದಲ್ಲಿ ಮುಂದೆ ನಡೆದರು. ಹಿಂದೆ ಬರುತ್ತಿದ್ದ ಇನ್‌ಸ್ಪೆಕ್ಟರು ಎರಡು ಸಲ ಕರೆದರು. ಮೂರನೇ ಸಲ ಕೂಗಿದರು. ಕೂಗಿಗೆ ಆಚೆ ಕೋಣೆಗಳಿಂದ ತಲೆಗಳು ಹೊರಬಂದವು, ಮೇಷ್ಟ್ರು ಮಾತ್ರ ನಡೆದೇ ಇದ್ದರು. ಬೀರುವಿನ ಹತ್ತಿರ ನಿಂತು ತಿರುಗಿದಾಗ ಇಬ್ಬರು ಸಾಹೇಬರೂ ಇಪ್ಪತ್ತು ಹೆಜ್ಜೆ ಹಿಂದೆ ನಿಂತು ತಮ್ಮನ್ನೇ ನೋಡುತ್ತಿದ್ದುದು ಕಂಡಿತು.

ಮೂರು ವಾರದಲ್ಲಿ ಆದೇಶ ಬಂತು: ಅದೇ ಊರಿನ ಶಿಕ್ಷಣ ಕಚೇರಿಯ ಪಠ್ಯಪುಸ್ತಕ ಉಗ್ರಾಣಕ್ಕೆ. ಹೊರಡುವ ದಿನ ಟೈಲರ್ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ತನ್ನಿಂದಲೇ ಹೀಗಾಯಿತೆಂದು. “ನೀನು ಹೇಳಿದ್ದು ನಾಲ್ಕಕ್ಕೆ ನಾಲ್ಕೂ ಸರಿ ಇತ್ತು. ತಪ್ಪಿದ್ದು ಹಜಾರದಲ್ಲಿ. ಅಲ್ಲಿ ನೀನಿರಲಿಲ್ಲ” ಎಂದು ಮೇಷ್ಟ್ರು ಅವಳಿಗೆ ಹೇಳಿ ಹೊರಟರು. ಅವಳು ಮುಂದೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಉಗ್ಗು ಹೋಗಲಿಲ್ಲ, ಅವಳೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಉಗ್ರಾಣ ಕಚೇರಿಯ ಹಿತ್ತಲಲ್ಲಿದ್ದ ತಗಡಿನ ಮನೆ. ಒಂದನೇ ತರಗತಿಯಿಂದ ಏಳರವರೆಗಿನ ಪುಸ್ತಕದ ಕಟ್ಟುಗಳು ಛಾವಣಿ ಮುಟ್ಟುವಂತೆ ಪೇರಿಸಿದ್ದವು. ಜೂನ್ ತಿಂಗಳು ಬಿಟ್ಟರೆ ಮನುಷ್ಯರ ಸುಳಿವಿಲ್ಲ. ಶಾಲೆಯಲ್ಲಿ ಕೇಳಿಸದಿದ್ದರೂ ಮಾತಾಡುವ ಬಾಯಿಗಳಿದ್ದವು, ನೋಡಿದರೆ ಸಾಕು ಗದ್ದಲ ಕಾಣುತ್ತಿತ್ತು. ಇಲ್ಲಿ ನೋಡುವುದಕ್ಕೂ ಏನಿಲ್ಲ. ಮೇಷ್ಟ್ರು ಪಠ್ಯಪುಸ್ತಕಗಳನ್ನೇ ಮೊದಲಿನಿಂದ ಕೊನೆಯವರೆಗೆ ಓದಿ ಅಚ್ಚಿನ ತಪ್ಪುಗಳ ಪಟ್ಟಿ ಮಾಡಿ ಮೇಲಧಿಕಾರಿಗೆ ಕಳಿಸಿದರು. ಇನ್ನೂರ ಹನ್ನೊಂದು ತಪ್ಪು. ಉತ್ತರ ಬರಲಿಲ್ಲ. ಮನೆಗೆ ಬಂದರೆ ಮುಖ ಗಂಟುಹಾಕಿಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದರು. ಹೆಂಡತಿ ಬರೆದು ಮುಂದಿಟ್ಟಿದ್ದನ್ನು ಓದುತ್ತಲೂ ಇರಲಿಲ್ಲ.

ಹೀಗೆ ಒಂದೂವರೆ ವರ್ಷ. ಅತ್ತ ಶಾಲೆಯಲ್ಲಿ ಇವರ ಜಾಗಕ್ಕೆ ಬೇರೆಯವರು ಬರಲೇ ಇಲ್ಲ. ವ್ಯಾಕರಣವನ್ನು ಹೆಡ್ ಮೇಷ್ಟ್ರೇ ತೆಗೆದುಕೊಳ್ಳಬೇಕಾಯಿತು. ತಿಂಗಳೊಳಗೆ ಅವರಿಗೆ ಸಾಕುಸಾಕಾಯಿತು. ಮಕ್ಕಳು ಎದ್ದು ನಿಂತು, ಎದುರಿಗೆ ಬಂದು, ಬಿಡಿಸಿ ಬಿಡಿಸಿ ಮಾತಾಡುವುದು ನೋಡಿ ಮೊದಲು ಅಣಕಿಸುತ್ತಾರೆಂದು ರೇಗಿದರು, ಆಮೇಲೆ ವಿಚಾರಿಸಿ ತಿಳಿದುಕೊಂಡರು. ಕಚೇರಿಗೆ ಮೂರು ಪತ್ರ ಬರೆದರು, ಬೇರೆ ಯಾರೂ ಬೇಡ, ಅದೇ ಮೇಷ್ಟ್ರನ್ನು ಕಳಿಸಿ ಎಂದು. ಮೂರಕ್ಕೂ ಉತ್ತರವಿಲ್ಲ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ತಾವೇ ಹೋಗಿ ಅಧಿಕಾರಿಯ ಮುಂದೆ ಕೂತರು. ಈ ಸಲ ಜೊತೆಗೆ ಇನ್ನೊಂದು ಕಾಗದವೂ ಇತ್ತು.

ಮೇಷ್ಟ್ರು ಮರಳಿ ಬಂದ ದಿನ ಹೆಡ್ ಮೇಷ್ಟ್ರು ಆ ಕಾಗದದ ನಕಲನ್ನು ಅವರ ಮುಂದೆ ಇಟ್ಟರು. ಗೆರೆ ಹಾಕಿದ ನೋಟುಪುಸ್ತಕದ ಹಾಳೆ, ಗೊತ್ತಿರುವ ಅಕ್ಷರ. ‘ಸಾಹೆಬರಿಗೆ. ನನ್ನ ಯಜಮಾನರಿಗೆ ಕಿವಿ ಇಲ್ಲ ನಿಜ. ಅವರು ಬಾಯಿ ಇರುವ ಮೆಷ್ಟ್ರು. ಪುಸ್ತಕದ ಗಂಟು ಕಾಯಲಿಕ್ಕೆ ಬಾಯಿ ಯಾಕೆ. ಮಕ್ಕಳ ಹತ್ತಿರ ಬಿಡಿ.’ ಇನ್ನೂ ಹತ್ತು ಸಾಲು ಇತ್ತು.

“ತಿದ್ದೋಣ ಅಂದ್ಕೊಂಡೆ” ಎಂದು ಹೆಡ್ ಮೇಷ್ಟ್ರು ಅವರ ಎದುರಿಗೇ ನಿಂತು ನಿಧಾನವಾಗಿ ಹೇಳಿದರು. “ಆಮೇಲೆ ಹಾಗೇ ಕೊಟ್ಟೆ.”

ಮೇಷ್ಟ್ರು ನಕಲನ್ನು ಮಡಿಸಿ ಜೇಬಿಗಿಟ್ಟರು. ಸಂಜೆ ಮನೆಗೆ ಹೋಗಿ, “ನನಗೊಂದು ಮಾತು ಹೇಳ್ದೆ ಬರೆದ್ಯಲ್ಲೇ?” ಅಂದರು. ಆಕೆ ಪುಸ್ತಕ ಎಳೆದುಕೊಂಡು ಬರೆದಳು: ‘ಮನೇಲಿ ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ. ಅದಕ್ಕೆ.’ ಈ ಸಲ ಒಂದೂ ತಪ್ಪಿರಲಿಲ್ಲ, ಆದರೆ ಮೇಷ್ಟ್ರು ಅದನ್ನು ಗಮನಿಸಿದ್ದು ಮಾರನೇ ದಿನ.

ಆಮೇಲಿನ ಏಳು ವರ್ಷ ಊರಿಗೆಲ್ಲ ಗೊತ್ತಿರುವ ಕಿವುಡು ಮೇಷ್ಟ್ರಾಗಿ ಪಾಠ ಮಾಡಿದರು. ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ಕೆಲಸ ಹಗುರವಾಗಿತ್ತು. ಅವರ ತರಗತಿಯ ಮಕ್ಕಳು ಬಿಡಿಸಿ ಮಾತಾಡುತ್ತಾರೆಂದು, ಕೂಡಿಸಿ ಬರೆಯುತ್ತಾರೆಂದು ಹೈಸ್ಕೂಲಿನವರು ಹೇಳುತ್ತಿದ್ದರು. ಎಲ್ಲರೂ ಅಲ್ಲ. ದಡ್ಡರು ದಡ್ಡರಾಗಿಯೇ ಉಳಿದರು, ತುಂಟರು ಮೀಸೆ ಬಂದ ಮೇಲೂ ತುಂಟರೇ. ಐವತ್ತೆಂಟಕ್ಕೆ ನಿವೃತ್ತಿಯಾಯಿತು. ಸಮಾರಂಭದಲ್ಲಿ ಐದು ಜನ ಭಾಷಣ ಮಾಡಿದರು. ಐವರೂ ಮೈಕಿಗೆ ಬಾಯಿ ಅಂಟಿಸಿಕೊಂಡಿದ್ದರಿಂದ ಯಾರು ಏನು ಹೊಗಳಿದರೆಂದು ಮೇಷ್ಟ್ರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಎಪ್ಪತ್ತನೇ ವಯಸ್ಸಿನಲ್ಲಿ ಮಗಳು ಬಿಡದೆ ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳು ಅದೇ ಊರಿನ ಅಂಚೆ ಕಚೇರಿಯಲ್ಲಿ ಕೌಂಟರಿನಲ್ಲಿದ್ದಳು, ಗಂಡ ಮಕ್ಕಳೊಂದಿಗೆ ಎರಡು ಬೀದಿ ಆಚೆ ಮನೆ. “ಈಗ ಮಿಷಿನ್ ಬೇರೇನೇ ಬಂದಿವೆ ಅಪ್ಪಾ” ಅಂದಿದ್ದಳು. ನಿಜ, ಉಗುರಿನಷ್ಟು ಚಿಕ್ಕದು. ಪೂರ್ತಿ ಅಲ್ಲ, ಹತ್ತಿರ ಕೂತು ಮಾತಾಡಿದರೆ ಅರ್ಧದಷ್ಟು ಕೇಳಿಸುತ್ತದೆ ಎಂದರು ಡಾಕ್ಟರು. ಹಾಕಿಕೊಂಡು ಮನೆಗೆ ಬಂದರೆ ತಮ್ಮ ಚಪ್ಪಲಿಯ ಸದ್ದಿಗೆ ತಾವೇ ಬೆಚ್ಚಿದರು. ಕಾಗದ ಮಡಿಸಿದರೆ ಇಷ್ಟು ಗಲಾಟೆ ಮಾಡುತ್ತದೆಯೇ? ಕುರ್ಚಿಯಲ್ಲಿ ಕೂತಾಗ ಹಿಂದಿನಿಂದ ಯಾರೋ ಮುದುಕಿ, “ರೀ, ಕೇಳಿಸ್ತಾ?” ಅಂದಳು. ಮೇಷ್ಟ್ರು ಯಾರು ಬಂದರೆಂದು ತಿರುಗಿದರು. ಹೆಂಡತಿ ನಿಂತಿದ್ದಳು.

ಇಪ್ಪತ್ತು ವರ್ಷಕ್ಕೂ ಮೀರಿ ಆಕೆಯ ಬರಹ ಓದುವಾಗಲೆಲ್ಲ ಅವರ ತಲೆಯೊಳಗೆ ಓದುತ್ತಿದ್ದದ್ದು ನಲವತ್ತರ ಹೆಂಗಸಿನ ತುಂಬು ದನಿ. ಇದು ಸ್ವಲ್ಪ ಒಡೆದ, ಸಣ್ಣಗಾದ, ಕೊನೆಯಲ್ಲಿ ನಡುಗುವ ದನಿ. ಮೇಷ್ಟ್ರು ಆಕೆಯ ತುಟಿಯನ್ನೇ ನೋಡಿದರು.

“ಏನಾಯ್ತು? ಕೇಳಿಸ್ಲಿಲ್ವಾ?”

“ಕೇಳಿಸ್ತು. ನಿನ್ನ ದನಿಗೆ ವಯಸ್ಸಾಗಿದೆ.”

“ನನಗೆ ಮಾತ್ರ ವಯಸ್ಸಾಗಿ ದನಿ ಹರೇದಲ್ಲೇ ಇರ್ಬೇಕಿತ್ತಾ?” ಎಂದು ಆಕೆ ನಕ್ಕಳು. ಆ ನಗು ಹಳೆಯದೇ. ಮೇಷ್ಟ್ರು ಕಣ್ಣೊರೆಸಿಕೊಂಡಿದ್ದನ್ನು ಮಗಳು ನೋಡಿ ನೋಡದ ಹಾಗೆ ಒಳಗೆ ಹೋದಳು.

ಮಿಷಿನ್ ಬಂದರೂ ಆಕೆ ಬರೆಯುವುದು ನಿಲ್ಲಿಸಲಿಲ್ಲ. ಉಪ್ಪು ತನ್ನಿ, ಬಾಗಿಲು ಹಾಕಿ ಇಂಥದ್ದೆಲ್ಲ ಬಾಯಲ್ಲಿ. ಮುಖ್ಯವಾದ ವಿಷಯ, ಜಗಳ, ಮೂರನೆಯವರ ಸುದ್ದಿ ಎಲ್ಲ ಪುಸ್ತಕದಲ್ಲಿ. ಯಾಕೆಂದು ಕೇಳಿದರೆ, “ಬರೆದ್ರೆ ನೀವು ಮಧ್ಯೆ ಬಾಯಿ ಹಾಕೋಕಾಗಲ್ಲ” ಅಂದಳು. ಏಳನೇ ತರಗತಿ ಪರೀಕ್ಷೆ ಖಾಸಗಿಯಾಗಿ ಕಟ್ಟು ಎಂದು ಮೇಷ್ಟ್ರು ಒಂದೆರಡು ಸಲ ಹೇಳಿ ನೋಡಿದ್ದರು. ಪಾಸಾಗಿ ಯಾರಿಗೆ ತೋರಿಸಲಿ ಎಂದು ತಳ್ಳಿಹಾಕಿದ್ದಳು.

ಮೇಷ್ಟ್ರಿಗೆ ಎಪ್ಪತ್ತೆಂಟಾದಾಗ, ಒಂದು ಬೆಳಗ್ಗೆ ಹತ್ತು ಗಂಟೆಗೆ, ಕೋಲೂರಿಕೊಂಡು ಹೆಡ್ ಮೇಷ್ಟ್ರು ಬಂದರು. ಎಂಬತ್ತೆರಡರಲ್ಲೂ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಕುರ್ಚಿಯಲ್ಲಿ ಕೂತವರೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: “ನನಗೂ ಕಿವಿ ಹೋಯ್ತು ಕಣ್ರೀ! ಮಿಷಿನ್ ಹಾಕ್ಕೊಂಡ್ರೆ ತಲೆಯೊಳಗೆ ಲಾರಿ ಓಡಿಸಿದ ಹಾಗಾಗುತ್ತೆ! ಮೊಮ್ಮಗಳು ಏನೋ ಹೇಳ್ತಾಳೆ, ಒಂದೂ ತಿಳಿಯಲ್ಲ. ತುಟಿ ನೋಡೋದು ಕಲಿಸ್ರೀ!”

ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದು ತೋರಿಸಿದರು: ‘ಸೋಮವಾರ, ಬುಧವಾರ, ಶುಕ್ರವಾರ. ಹತ್ತು ಗಂಟೆ. ತಡವಾಗಿ 
ಬರಬಾರದು.’

ತರಗತಿ ಶುರುವಾಯಿತು. ಇಬ್ಬರೂ ಸರಿಯಾಗಿ ಕಿವಿ ಕೇಳಿಸದವರು, ಹೀಗಾಗಿ ಮಾತಾಡುವುದಕ್ಕೊಂದು ಬಾಯಿ ಬೇಕಿತ್ತು. ಮೇಷ್ಟ್ರು ಹೆಂಡತಿಯನ್ನು ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಯ ಎದುರು ಕೂರಿಸಿದರು. “ಏನು ಮಾತಾಡ್ಲಿ?” ಎಂದು ಆಕೆ ಕೇಳಿದಳು.

“ಏನಾದ್ರೂ ಮಾತಾಡು. ಬೀದಿ ಸುದ್ದಿ ಹೇಳು.”

ಆಕೆ ಇಬ್ಬರ ಮುಖವನ್ನೂ ನೋಡಿ ನಗು ತಡೆಯಲಾರದೆ ಹೋದಳು. “ಹುಟ್ಟಿದಾಗಿನಿಂದ ಮಾತಾಡ್ತಾನೇ ಇದೀನಿ. ಇಬ್ಬರು ಮೇಷ್ಟ್ರು ಹೀಗೆ ನನ್ನ ಬಾಯನ್ನೇ ನೋಡ್ತಾ ಕೂತಿದ್ದು ಇದೇ ಮೊದಲು” ಅಂದಳು. ಅದರಲ್ಲಿ ಹೆಡ್ ಮೇಷ್ಟ್ರಿಗೆ ತಿಳಿದದ್ದು ‘ಮೇಷ್ಟ್ರು’ ಒಂದೇ ಮಾತು.

ಹೆಡ್ ಮೇಷ್ಟ್ರು ಒಳ್ಳೆಯ ವಿದ್ಯಾರ್ಥಿಯಾಗಿರಲಿಲ್ಲ. ತುಟಿ ನೋಡುವ ಬದಲು ಕಣ್ಣು ನೋಡುತ್ತಿದ್ದರು. ತಿಳಿಯದಿದ್ದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. “ತಲೆ ಆಡಿಸಬೇಡಿ ಸಾರ್. ತಿಳಿಯದಿದ್ರೆ ತಿಳೀಲಿಲ್ಲ ಅನ್ನಿ. ಯಾರೂ ನಿಮ್ಮನ್ನ ಬೆಂಚಿನ ಮೇಲೆ ನಿಲ್ಲಿಸಲ್ಲ” ಎಂದು ಮೇಷ್ಟ್ರು ಮೇಜು ತಟ್ಟಿ ಗದರುತ್ತಿದ್ದರು. ಎರಡು ಬುಧವಾರ ಮಂಡಿನೋವೆಂದು ತಪ್ಪಿಸಿಕೊಂಡಾಗ ಮೇಷ್ಟ್ರು ಅವರ ಮನೆಗೇ ಹೋಗಿ ಕರೆದುಕೊಂಡು ಬಂದರು. ಎಂಟು ತಿಂಗಳ ಮೇಲೆ ಹೆಡ್ ಮೇಷ್ಟ್ರ ಮೊಮ್ಮಗಳು ಬಾಗಿಲಲ್ಲಿ ನಿಂತು, “ನಿನ್ನೆ ಊಟಕ್ಕೆ ಕೂತಾಗ ತಾತ ನಾನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿದ್ರು ಅಜ್ಜೀ. ಎರಡು ಸಲ!” ಅಂದಳು. “ಹಾಗಾದ್ರೆ ಪಾಸು” ಎಂದು ಮೇಷ್ಟ್ರ ಹೆಂಡತಿ ತೀರ್ಪು ಕೊಟ್ಟಳು.

ಪಾಸಾದ ಮೇಲೂ ಹೆಡ್ ಮೇಷ್ಟ್ರು ಸೋಮ, ಬುಧ, ಶುಕ್ರ ಬರುವುದು ಬಿಡಲಿಲ್ಲ. ಇನ್ನೂ ನಾಲ್ಕು ವರ್ಷ, ಒಂದು ಚಳಿಗಾಲದಲ್ಲಿ ಅವರು ತೀರಿಕೊಳ್ಳುವ ಹಿಂದಿನ ವಾರದವರೆಗೂ, ಮೂವರೂ ಆ ಕಿಟಕಿಯ ಹತ್ತಿರ ಕೂತು ಚಹಾ ಕುಡಿಯುತ್ತಾ ಬೀದಿಯ ಸುದ್ದಿ ಮಾತಾಡಿದರು.

ಮೇಷ್ಟ್ರು ಹೋದದ್ದು ಎಂಬತ್ತಾರರಲ್ಲಿ, ಒಂದು ಗುರುವಾರ ಬೆಳಗ್ಗೆ, ಪತ್ರಿಕೆ ಓದುತ್ತಾ ಕೂತವರು ಹಾಗೆಯೇ. ಶಾಲೆಯಿಂದ ಈಗಿನ ಹೆಡ್ ಮಿಸ್ ಬಂದು, ಗೌರವಕ್ಕಾಗಿ ಆ ದಿನ ರಜೆ ಕೊಡುತ್ತೇವೆ ಎಂದರು. ಮೇಷ್ಟ್ರ ಹೆಂಡತಿ ತಲೆಯಲ್ಲಾಡಿಸಿದಳು. “ಬೇಡಮ್ಮಾ. ಮಕ್ಕಳು ಶಾಲೆಗೆ ಬಂದಾಗಿದೆ. ಪಾಠ ನಡೀಲಿ” ಅಂದಳು. ಹೆಡ್ ಮಿಸ್ ಹಾಗೆಯೇ ಮಾಡಿದರು.